ಹುಲಿ ಮಲಗಿದ್ದರೆ

ಯಲಹಂಕ, ಆರ್.ಟಿ. ನಗರದವರಿಗೆ ಬನ್ನೇರುಘಟ್ಟವೆಂದರೆ ಊರಿನ ಆ ತುದಿ. ಪುಳಿಯೋಗರೆ ಕಟ್ಟಿಕೊಂಡು, ಅಜ್ಜಿ-ಮೊಮ್ಮಕ್ಕಳ ಸಮೇತ ಇಡೀ ಊರಿನ ಟ್ರಾಫಿಕ್ ದಾಟಿ ಹೋಗುತ್ತೇವೆ. ಇಷ್ಟೆಲ್ಲ ಸಾಹಸಪಟ್ಟು ಸಫಾರಿ ಬಸ್ಸು ಹತ್ತಿದರೆ, ಹುಲಿರಾಯ ಬೆನ್ನು ತಿರುಗಿಸಿ ಮಲಗಿರುತ್ತಾನೆ! "ಅಪ್ಪಾ, ಎಬ್ಸು" ಎನ್ನುತ್ತದೆ ಮಗು. ಅಪ್ಪ ಕಿಟಕಿಯ ಜಾಲರಿ ಬಡಿಯುತ್ತಾರೆ. ಹಿಂದಿನ ಸೀಟಿನವರು ಶಿಳ್ಳೆ ಹಾಕುತ್ತಾರೆ.

ಜಯಮಹಲ್ ಬಳಿಯ ಫನ್ ವರ್ಲ್ಡ್ ಮನರಂಜನಾ ಪಾರ್ಕಿನಲ್ಲಿ ದುಡ್ಡು ಕೊಟ್ಟರೆ ಯಂತ್ರ ತಿರುಗಲೇಬೇಕು. ಹುಲಿಗೆ ನಮ್ಮ ಟಿಕೆಟ್ಟಿನ ಹಂಗಿಲ್ಲ.

ದುಡ್ಡಿಗೆ ಪ್ರಾಣಿಯೂ ಕುಣಿಯಬೇಕೆಂದರೆ ಏನಾಗುತ್ತದೆ? ಕರಡಿಗಳ ಕಥೆ ಕೇಳಿ. ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಬಂದ ಎಷ್ಟೋ ಕರಡಿಗಳು ಒಂದು ಕಾಲಕ್ಕೆ ಮೂತಿಗೆ ಹಗ್ಗ ಪೋಣಿಸಿಕೊಂಡು ಬೀದಿ ಬೀದಿಯಲ್ಲಿ ಕುಣಿದವು. ಕುಣಿಸಿದವರನ್ನು ಬೈಯುವುದು ಸುಲಭ. ಸುತ್ತ ನಿಂತು ಕಾಸು ಎಸೆದವರು ನಾವೇ ತಾನೆ?

ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನಿಸು ಹಾಕುವುದು, ಗದ್ದಲ ಮಾಡಿ ಕಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಷಿದ್ಧ. ಕಾಯ್ದೆಯ ಮಾತು ಹಾಗಿರಲಿ, "ಮಲಗಲಿ ಬಿಡು ಕಂದಾ" ಎಂದು ಹೇಳಲು ಅಪ್ಪನಿಗೆ ಖರ್ಚೇನೂ ಇಲ್ಲ.

ಈ ವಾರ ಹೊರಡುವವರು ಗಮನಿಸಿ: ಬನ್ನೇರುಘಟ್ಟ ಉದ್ಯಾನಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ.