ಧಮನಿಗಳ ದಾರಿಭೇದ



ಹುಣಸೂರಿನ ಸೀಮೆಯಲ್ಲಿ ಲಕ್ಷ್ಮಣತೀರ್ಥಕ್ಕೆ ಹನಗೋಡಿನ ಬಳಿ ಕಟ್ಟೆ ಕಟ್ಟಿ ನೀರನ್ನು ನಾಲೆಗೆ ತಿರುಗಿಸಿರುವರು. ಕೃಷ್ಣರಾಜನಗರದ ಗದ್ದೆಬಯಲನ್ನು ಕಾವೇರಿಯ ನಾಲೆಗಳು ಪೋಷಿಸುತ್ತವೆ; ಪಿರಿಯಾಪಟ್ಟಣಕ್ಕೆ ಹಾರಂಗಿಯ ನೀರು ಬರುತ್ತದೆ; ಹೆಗ್ಗಡದೇವನಕೋಟೆಯಲ್ಲಿ ಕಪಿಲೆಗೆ ಬೀಚನಹಳ್ಳಿಯ ಬಳಿ ಜಲಾಶಯವುಂಟು. ದೊಡ್ಡ ನಾಲೆಗಳ ನಕ್ಷೆಯನ್ನು ಕಚೇರಿಯಲ್ಲಿ ನೋಡಬಹುದು. ಆದರೆ ತೂಬಿನಿಂದಿಳಿದ ಕಾಲುವೆ ಯಾರ ಬದುವನ್ನು ಬಳಸಿ ಹೋಗುವುದೆಂಬುದನ್ನು ಊರಿನ ನೀರುಗಂಟಿಯನ್ನೇ ಕೇಳಬೇಕು.

ನಮ್ಮ ಶರೀರದಲ್ಲಿ ಹೃದಯದಿಂದ ರಕ್ತವನ್ನು ಒಯ್ಯುವ ಧಮನಿಗಳ ವಿಷಯವೂ ಇಂಥದೇ. ಪುಸ್ತಕದಲ್ಲಿರುವ ಚಿತ್ರವು ಬಹುಜನರಿಗೆ ಹೊಂದುವ ಚಿತ್ರ; ಎಲ್ಲರಿಗೂ ಹೊಂದುವುದಲ್ಲ. ಹಿಂದೆ ಈ ಭೇದಗಳು ಶವಚ್ಛೇದನದಲ್ಲಿ ಮಾತ್ರ ಕಾಣುತ್ತಿದ್ದವು. 1895ರಲ್ಲಿ ರಂಟ್‌ಗೆನ್ನನು ಕ್ಷ-ಕಿರಣವನ್ನು ಕಂಡುಹಿಡಿದನು. ಮರುವರ್ಷವೇ ವಿಯೆನ್ನಾ ನಗರದಲ್ಲಿ ಶವದ ಕೈಯೊಂದರ ನಾಳಗಳ ಚಿತ್ರವನ್ನು ತೆಗೆದರು. 1927ರಲ್ಲಿ ಪೋರ್ಚುಗಲ್ಲಿನ ಮೋನಿಜ್ ಎಂಬ ವೈದ್ಯನು ಜೀವಂತ ಮನುಷ್ಯನ ಮಿದುಳಿನ ಧಮನಿಗಳನ್ನು ಚಿತ್ರದಲ್ಲಿ ತೋರಿಸಿದನು. ಇಂದು ಸಿ.ಟಿ. ಯಂತ್ರವು ಅದೇ ಕಾರ್ಯವನ್ನು ಕೆಲವು ನಿಮಿಷಗಳಲ್ಲಿ ಮಾಡುತ್ತದೆ.

ಭೇದಕ್ಕೆ ಕಾರಣವು ಗರ್ಭದಲ್ಲಿದೆ. ಶಿಶುವಿನ ಮೂತ್ರಪಿಂಡಗಳು ಮೊದಲು ಕಿಬ್ಬೊಟ್ಟೆಯ ತಳದಲ್ಲಿ ಹುಟ್ಟಿ, ಕ್ರಮೇಣ ಮೇಲಕ್ಕೇರುತ್ತವೆ. ಏರಿದಂತೆಲ್ಲ ಹೊಸ ಧಮನಿಗಳನ್ನು ಪಡೆದು ಹಳೆಯವನ್ನು ಬಿಡುತ್ತವೆ. ಹಳೆಯ ಕಾಲುವೆಯೊಂದು ಮುಚ್ಚದೆ ಉಳಿದರೆ ಆ ಮೂತ್ರಪಿಂಡಕ್ಕೆ ಎರಡು ಧಮನಿಗಳಾಗುವುವು. ಇದು ಅಪೂರ್ವವಲ್ಲ, ನೂರರಲ್ಲಿ ಸುಮಾರು 25ರಿಂದ 30 ಮಂದಿಗೆ ಹೀಗಿರುವುದುಂಟು. ಇಂಥವರು ಆರೋಗ್ಯವಾಗಿಯೇ ಬಾಳುತ್ತಾರೆ. ಆದರೆ ಈ ಧಮನಿಗಳು ಒಂದರ ಕೆಲಸವನ್ನು ಮತ್ತೊಂದು ವಹಿಸಿಕೊಳ್ಳಲಾರವು. ಶಸ್ತ್ರಕ್ರಿಯೆಯಲ್ಲಿ ತಿಳಿಯದೆ ಒಂದನ್ನು ಕತ್ತರಿಸಿದರೆ ಅದು ಪೋಷಿಸುತ್ತಿದ್ದ ಭಾಗವು ಸಾಯುತ್ತದೆ. ಆದುದರಿಂದಲೇ ಮೂತ್ರಪಿಂಡದಾನಕ್ಕೆ ಮುಂಚೆ ದಾನಿಯ ಧಮನಿಗಳ ಚಿತ್ರವನ್ನು ತಪ್ಪದೆ ತೆಗೆಯುವರು.

ಹೃದಯದ ಮೇಲೆ ಬಿಲ್ಲಿನಂತೆ ಬಾಗಿರುವ ಮಹಾಧಮನಿಯಿಂದ ಸಾಮಾನ್ಯವಾಗಿ ಮೂರು ಕವಲುಗಳು ಹೊರಡುತ್ತವೆ. ಕೆಲವರಲ್ಲಿ ಮೊದಲೆರಡು ಒಂದೇ ಬುಡದಿಂದ ಹೊರಟು ಎರಡು ಕವಲುಗಳಷ್ಟೇ ಕಾಣುವುವು; ಕೆಲವರಲ್ಲಿ ನಾಲ್ಕಿರುವುವು. ನೂರರಲ್ಲಿ ಸುಮಾರು ಒಬ್ಬರಿಗೆ ಬಲಗೈಯ ಧಮನಿಯು ಎಲ್ಲಕ್ಕೂ ಕೊನೆಯಲ್ಲಿ ಎಡಗಡೆಯಿಂದ ಹುಟ್ಟಿ, ಬಹುಮಟ್ಟಿಗೆ ಅನ್ನನಾಳದ ಹಿಂದೆ ಹಾದು ಬಲಕ್ಕೆ ಬರುತ್ತದೆ. ಅಂಥವರಲ್ಲಿ ಕೆಲವರಿಗೆ ತುತ್ತು ನುಂಗುವುದು ಕಷ್ಟವಾಗುವುದು. ಬಲಮಣಿಕಟ್ಟಿನಿಂದ ಸಣ್ಣ ನಳಿಕೆಯನ್ನು ತೂರಿಸಿ ಹೃದಯವನ್ನು ಪರೀಕ್ಷಿಸುವ ವೈದ್ಯರಿಗೂ ಈ ದಾರಿಯು ತೊಡಕು.

ಮೂರನೆಯ ಉದಾಹರಣೆಗೆ ಯಂತ್ರವೂ ಬೇಡ. ಮುಂಗೈಯ ಧಮನಿಯೊಂದು ಕೆಲವರಲ್ಲಿ ಮೇಲೆಯೇ ಕವಲೊಡೆದು, ಮೊಣಕೈಯ ಮಡಿಕೆಯಲ್ಲಿ ಚರ್ಮಕ್ಕೆ ತೀರ ಸಮೀಪವಾಗಿ ಹರಿಯುತ್ತದೆ. ಅದನ್ನು ಸಿರೆಯೆಂದು ಭ್ರಮಿಸಿ ಔಷಧಿಯನ್ನು ಚುಚ್ಚಿದರೆ ಬೆರಳುಗಳಿಗೇ ಅಪಾಯವೊದಗಬಹುದು. ಚುಚ್ಚುವ ಮುನ್ನ ಬೆರಳಿಟ್ಟು ಮಿಡಿತವಿದೆಯೇ ಎಂದು ನೋಡುವುದು ಇದಕ್ಕಾಗಿಯೇ.

ಇದರಿಂದ ನಾವು ತಿಳಿಯಬೇಕಾದುದು ಎರಡು ಮಾತು. ವರದಿಯಲ್ಲಿ ಧಮನಿಯ ಭೇದವನ್ನು ಬರೆದಿದ್ದರೆ ಅಷ್ಟರಿಂದಲೇ ರೋಗವೆಂದು ಅಂಜಬೇಕಾಗಿಲ್ಲ. ಅದು ಹುಟ್ಟಿನಿಂದ ಬಂದ ರಚನೆ, ಮೈಬಣ್ಣದಂತೆ, ಮುಖಲಕ್ಷಣದಂತೆ. ಆದರೆ ಆ ವರದಿಯನ್ನು ಕಳೆಯಲೂ ಬಾರದು. ಈ ನಾಲ್ಕು ತಾಲ್ಲೂಕುಗಳ ರೋಗಿಯು ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೋ ಜಯದೇವ ಹೃದ್ರೋಗ ಸಂಸ್ಥೆಗೋ ಹೋಗುವಾಗ, ಚಿತ್ರವನ್ನು ಮನೆಯಲ್ಲೇ ಬಿಟ್ಟು ಹೊಸ ವೈದ್ಯರ ಮುಂದೆ ಬರಿಗೈಯಲ್ಲಿ ಕೂರುವುದುಂಟು. ಹತ್ತು ವರ್ಷದ ಹಿಂದೆ ತೆಗೆದ ಚಿತ್ರವಾದರೂ ಹುಟ್ಟಿನ ರಚನೆಯ ವಿಷಯದಲ್ಲಿ ಅದರ ಮಾತು ಹಳೆಯದಾಗುವುದಿಲ್ಲ. ಮನೆಯ ಹಿರಿಯರ ವರದಿಗಳನ್ನು ಜಮೀನಿನ ಪತ್ರಗಳಷ್ಟೇ ಜೋಪಾನವಾಗಿಡಿ. ಶಸ್ತ್ರಕ್ರಿಯೆಗೆ ಮೊದಲು ಅವನ್ನು ವೈದ್ಯರ ಕೈಗೆ ಕೊಡಿ.