ಗಗನಸಖಿ ಮತ್ತು ಪರ್ಸರ್



'ಗಗನಸಖಿ' ಎಂದೊಡನೆ ನಿಮ್ಮ ಕಣ್ಣಮುಂದೆ ಊಟದ ಟ್ರೇ ಹಿಡಿದು ನಗುವ ಹುಡುಗಿ ಮಾತ್ರ ಬರುತ್ತಾಳೆ. ಹೆಸರು ಚೆಂದ, ಆದರೆ ಕೆಲಸವನ್ನೇ ಮರೆಮಾಚಿಬಿಟ್ಟಿದೆ. ವಿಮಾನ ನಡೆಸುವವರು ಕ್ಯಾಪ್ಟನ್ ಮತ್ತು ಫಸ್ಟ್ ಆಫೀಸರ್. ಒಳಗಿನ ಪ್ರಯಾಣಿಕರ ಸುರಕ್ಷತೆ ನೋಡಿಕೊಳ್ಳುವವರು ಕ್ಯಾಬಿನ್ ಸಿಬ್ಬಂದಿ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ತುರ್ತು ಬಾಗಿಲು ತೆರೆದು ಜನರನ್ನು ಇಳಿಸುವುದು, ಇವೆಲ್ಲ ಕಲಿತ ಮೇಲೆಯೇ ಅವರ ಕೈಗೆ ಟ್ರೇ ಬರುವುದು. ಅವರ ಮೇಲ್ವಿಚಾರಕರಿಗೆ ಪರ್ಸರ್ ಎನ್ನುತ್ತಾರೆ. ಹಡಗಿನಿಂದ ಬಂದ ಪದ.

1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಪ್ಯಾನ್ ಆಮ್ ವಿಮಾನಕ್ಕೆ ಬಂದೂಕುಧಾರಿಗಳು ನುಗ್ಗಿದಾಗ, ಅವರು ಅದನ್ನು ಹಾರಿಸಿಕೊಂಡು ಹೋಗದಂತೆ ಕಾಕ್‌ಪಿಟ್‌ನವರು ಹೊರಬಿದ್ದರು. ಒಳಗುಳಿದ ಸಿಬ್ಬಂದಿಗೆ ಹಿರಿಯರೆಂದರೆ ಪರ್ಸರ್ ನೀರಜಾ ಭನೋಟ್, ವಯಸ್ಸು 22. ಪ್ರಯಾಣಿಕರನ್ನು ಪಾರುಮಾಡುತ್ತಲೇ ಅವರು ಗುಂಡಿಗೆ ಬಲಿಯಾದರು. ಭಾರತ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ನೀಡಿತು.