ಸ್ಕೋರ್‌ಶೀಟಿನ ಹಿಂಬದಿ

ಪೋಷಕರೇ, ಈ ಸೆಕೆಯಲ್ಲಿ ಕಪ್ಪು ಗೌನು ತೊಟ್ಟು ಬೆವರುತ್ತಿರುವ ಹತ್ತನೇ ತರಗತಿಯ ಮಕ್ಕಳೇ,

ನಮ್ಮ ಕಾಲದಲ್ಲಿ ಈ ಸಮಾರಂಭಕ್ಕೆ ಬೀಳ್ಕೊಡುಗೆ ಅನ್ನುತ್ತಿದ್ದರು. ಒಂದು ಸಮೋಸ, ಒಂದು ಗ್ರೂಪ್ ಫೋಟೊ, ಒಂದಷ್ಟು ಅಳು, ಅಷ್ಟೇ. ಈಗ ಘಟಿಕೋತ್ಸವವಾಗಿದೆ, ತಲೆಗೆ ಟೋಪಿ ಬಂದಿದೆ. ಘಟಿಕೋತ್ಸವ ಅಂದ ಮೇಲೆ ಮಾತಾಡಲು ದೊಡ್ಡ ಸಾಧಕರನ್ನೇ ಕರೆಯಬೇಕಿತ್ತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಇದೇ ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ 15ನೇ ನಂಬರಿನ ಜೆರ್ಸಿ ಹಾಕಿದವಳು. ಆಗ ನಂಬರು 4ರಿಂದ ಶುರುವಾಗಿ 15ಕ್ಕೆ ಮುಗಿಯುತ್ತಿತ್ತು. ಹನ್ನೆರಡು ಜನರ ತಂಡದಲ್ಲಿ ನನ್ನ ಸ್ಥಾನ ಯಾವುದಿತ್ತು ಅಂತ ನೀವೇ ಲೆಕ್ಕ ಹಾಕಿ.

ಆಡಿದ್ದಕ್ಕಿಂತ ನಾನು ಬೆಂಚು ಕಾದದ್ದೇ ಹೆಚ್ಚು. ಅದನ್ನು ನೋಡಲಾರದೆ ಪಿ.ಟಿ. ಮೇಷ್ಟ್ರು ಅಭ್ಯಾಸ ಪಂದ್ಯಗಳಲ್ಲಿ ನನ್ನ ಕೈಗೆ ಸ್ಕೋರ್‌ಶೀಟು ಕೊಟ್ಟು ಟೇಬಲಿಗೆ ಕೂರಿಸಿದರು. ಆ ಕೆಲಸ ಇವತ್ತಿಗೂ ಬಿಟ್ಟಿಲ್ಲ. ಭಾನುವಾರ ಎಲ್ಲಾದರೂ ಪಂದ್ಯವಿದ್ದರೆ ನಾನು ಟೇಬಲಿನಲ್ಲಿರುತ್ತೇನೆ.

ಸ್ಕೋರ್‌ಶೀಟು ಬಹಳ ಕಟ್ಟುನಿಟ್ಟಿನ ಕಾಗದ. ಯಾರು ಬಾಸ್ಕೆಟ್ ಹಾಕಿದರು, ಎರಡು ಪಾಯಿಂಟೋ ಮೂರೋ, ಎಲ್ಲವನ್ನೂ ಬರೆಯಬೇಕು. ಪ್ರತಿ ಹೆಸರಿನ ಮುಂದೆ ಫೌಲಿಗೆಂದು ಐದು ಪುಟ್ಟ ಚೌಕಗಳಿರುತ್ತವೆ. ಐದೂ ತುಂಬಿದರೆ ಆಟಗಾರ್ತಿ ಹೊರಗೆ. ಪಂದ್ಯ ಮುಗಿದ ಮೇಲೆ ರೆಫರಿ ಸಹಿ ಹಾಕಿದರೆ ಆ ಕಾಗದ ಹೇಳಿದ್ದೇ ಕೊನೆಯ ಮಾತು.

ನಾವು ಹತ್ತನೇ ಕ್ಲಾಸಿನಲ್ಲಿದ್ದಾಗ ಜಿಲ್ಲಾ ಮಟ್ಟದ ಸೆಮಿಫೈನಲನ್ನು ಒಂದೇ ಪಾಯಿಂಟಿನಲ್ಲಿ ಗೆದ್ದೆವು. ಮಾರನೆಯ ದಿನ ಫೈನಲ್ ಸೋತೆವು, ಆ ಮಾತು ಬಿಡಿ. ಗೆದ್ದ ಸಂಜೆ ಅಂದಿನ ಹೆಡ್‌ಮೇಷ್ಟ್ರು ಸ್ಕೋರ್‌ಶೀಟಿನ ನಮ್ಮ ಪ್ರತಿ ಹಿಡಿದು ಒಬ್ಬೊಬ್ಬರನ್ನೇ ಹೊಗಳುತ್ತಾ ಬಂದರು. 9ನೇ ನಂಬರಿನ ಹತ್ತಿರ ನಿಂತರು. "ಏನಮ್ಮಾ, ನಿಂದು ಪಾಯಿಂಟೇ ಇಲ್ಲ, ಬರೀ ಫೌಲು!" ಎಲ್ಲರೂ ನಕ್ಕರು. ಅವಳು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದಳು.

ಅವಳು ಆ ದಿನ ಮಾಡಿದ್ದು ಸ್ಕ್ರೀನ್ ಹಾಕುವ ಕೆಲಸ. ಆಡುವ ಮಕ್ಕಳಿಗೆ ಗೊತ್ತು, ಪೋಷಕರಿಗಾಗಿ ಹೇಳುತ್ತೇನೆ. ನಮ್ಮವಳನ್ನು ಬೆನ್ನಟ್ಟಿ ಬರುವ ಎದುರಾಳಿಯ ದಾರಿಗೆ ಕಂಬದ ಹಾಗೆ ನಿಲ್ಲಬೇಕು. ಬಂದವಳು ಎದೆಗೆ ಗುದ್ದುತ್ತಾಳೆ, ಗುದ್ದಿಸಿಕೊಳ್ಳಬೇಕು. ಅಷ್ಟರಲ್ಲಿ ನಮ್ಮವಳಿಗೆ ಒಂದು ಗಜ ಜಾಗ ಸಿಗುತ್ತದೆ, ಚೆಂಡು ರಿಂಗಿಗೆ ಹೋಗುತ್ತದೆ, ಚಪ್ಪಾಳೆ ಅವಳಿಗೆ ಬೀಳುತ್ತದೆ. ಸ್ಕ್ರೀನ್ ಹಾಕಿದವಳು ಸರಿಯಾಗಿ ನಿಂತಿದ್ದರೆ ಕಾಗದದಲ್ಲಿ ಏನೂ ಇಲ್ಲ. ಗುದ್ದು ಬೀಳುವ ಹೊತ್ತಿಗೆ ಕದಲಿದರೆ ಮಾತ್ರ ಫೌಲು ಅಂತ ಬರೆಯುತ್ತಾರೆ. ನಮ್ಮ ಮನೆಗಳ ಸಾರಿನ ಕಥೆಯೂ ಇದೇ. ದಿನಾ ಚೆನ್ನಾಗಿದ್ದರೆ ಯಾರೂ ಮಾತಾಡುವುದಿಲ್ಲ, ಉಪ್ಪು ಜಾಸ್ತಿಯಾದ ದಿನ ಎಲ್ಲರಿಗೂ ಬಾಯಿ ಬರುತ್ತದೆ.

ಪಿ.ಟಿ. ಮೇಷ್ಟ್ರು ಏನೂ ವಾದಿಸಲಿಲ್ಲ. ಹೆಡ್‌ಮೇಷ್ಟ್ರ ಕೈಯಿಂದ ಕಾಗದ ಇಸಿದುಕೊಂಡು, ತಿರುಗಿಸಿ, ಗೋಡೆಗೆ ಒತ್ತಿ ಹಿಂಬದಿಯಲ್ಲಿ ಬರೆದರು. "9 – ಸ್ಕ್ರೀನ್ 14. 12 – ಹೊರಗೆ ಹೋಗುತ್ತಿದ್ದ ಬಾಲು ಒಳಗೆ ತಂದದ್ದು 3." ಪೆನ್ನು ಹಿಡಿದುಕೊಂಡೇ ಒಂದು ಕ್ಷಣ ನನ್ನ ಕಡೆ ನೋಡಿದರು. "15 – ಯಾರಿಗೆ ಸುಸ್ತಾಗಿದೆ ಅಂತ ನನಗಿಂತ ಮೊದಲು ಹೇಳಿದ್ದು 2." ನಾನು ಆ ಪಂದ್ಯದಲ್ಲಿ ಒಂದು ನಿಮಿಷವೂ ಅಂಗಳಕ್ಕೆ ಇಳಿದಿರಲಿಲ್ಲ.

ಈ ಆಟ ಹುಟ್ಟಿದ ದಿನವೂ ಹಾಗೆಯೇ, ಕಾಗದಕ್ಕೆ ಬಾರದವರಿದ್ದರು. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಕೆನಡಾದ ವ್ಯಾಯಾಮದ ಮೇಷ್ಟ್ರಿಗೆ ಒಂದು ತರಗತಿ ಗಂಟುಬಿತ್ತು. ಹೊರಗೆ ಚಳಿಗಾಲ, ಒಳಗೆ ಮಾತು ಕೇಳದ ಹದಿನೆಂಟು ಹುಡುಗರು. ಚೆಂಡು ಹಿಡಿದು ಓಡುವವನನ್ನು ಕೆಡವುವುದರಿಂದಲೇ ಹೊಡೆದಾಟ ಆಗುತ್ತದೆ ಅಂತ ಅವರು ಕಂಡುಕೊಂಡರು. ಚೆಂಡು ಹಿಡಿದು ಓಡುವಂತೆಯೇ ಇಲ್ಲ ಎಂದು ನಿಯಮ ಮಾಡಿದರು. ಹತ್ತು ಅಡಿ ಎತ್ತರಕ್ಕೆ ಪೀಚ್ ಹಣ್ಣಿನ ಬುಟ್ಟಿ ಕಟ್ಟಿಸಿದರು. ಡ್ರಿಬಲ್ ಬಂದದ್ದು ಆಮೇಲೆ. ಮೊದಲ ದಿನ ಚೆಂಡು ಸಿಕ್ಕವನಿಗೆ ಇದ್ದ ದಾರಿ ಎರಡೇ: ಬುಟ್ಟಿಗೆ ಹಾಕು, ಇಲ್ಲವೇ ಇನ್ನೊಬ್ಬನಿಗೆ ಕೊಡು. ಆ ಪಂದ್ಯ 1–0ರಲ್ಲಿ ಮುಗಿಯಿತು. ಆ ಒಂದನ್ನು ಹಾಕಿದ ವಿಲಿಯಂ ಚೇಸ್ ಹೆಸರು ಚರಿತ್ರೆಯಲ್ಲಿದೆ. ಅವನ ಕೈಗೆ ಚೆಂಡು ಕೊಟ್ಟವನ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ನಾನು ಕಣ್ಣಾರೆ ಕಂಡ ಪಂದ್ಯವೊಂದಿದೆ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್ ನಡೆಯಿತು. ಭಾರತ 75, ಕಜಾಕಸ್ತಾನ 73. ನಮ್ಮವರು 'ಎ' ವಿಭಾಗಕ್ಕೆ ಏರಿದರು. ಆ ತಂಡದಲ್ಲಿ ಚೆನ್ನೈನ ಅನಿತಾ ಪಾಲ್‌ದುರೈ ಇದ್ದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಂದ್ಯದ ದಿನ ಗ್ಯಾಲರಿಯಲ್ಲಿ ಕೂತು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಯೋಚಿಸಿದೆ: ಎರಡು ಪಾಯಿಂಟು ಅಂದರೆ ಒಂದೇ ಒಂದು ಬಾಸ್ಕೆಟ್. ಅದು ಕೊನೆಯ ನಿಮಿಷದ್ದೇ ಆಗಬೇಕಿಲ್ಲ. ಮೊದಲ ಕ್ವಾರ್ಟರಿನಲ್ಲಿ ಯಾರೋ ನೆಲಕ್ಕೆ ಬಿದ್ದು ಉಳಿಸಿಕೊಂಡ ಚೆಂಡೂ ಅದೇ ಎರಡು ಪಾಯಿಂಟೇ.

ಇನ್ನು ಕೆಲವು ವಾರಗಳಲ್ಲಿ ನಿಮ್ಮೆಲ್ಲರಿಗೂ ಒಂದೊಂದು ಸ್ಕೋರ್‌ಶೀಟು ಬರುತ್ತದೆ. 625ಕ್ಕೆ ಇಷ್ಟು ಅಂತ. ಅಂಕ ಬೇಡ ಅಂತ ನಾನು ಹೇಳುವುದಿಲ್ಲ. ಟೇಬಲಿನಲ್ಲಿ ಕೂತವಳಿಗೆ ಅಂಕದ ಬೆಲೆ ಗೊತ್ತು, ಒಂದರಲ್ಲಿ ಗೆದ್ದಿದ್ದೇವೆ, ಸೋತೂ ಇದ್ದೇವೆ. ಆದರೆ ಅಂಕಪಟ್ಟಿಯಲ್ಲಿ ಬರೆಯಲು ಕಾಲಂ ಇಲ್ಲದ್ದೂ ಆಟದೊಳಗೇ ನಡೆದಿರುತ್ತದೆ. ನಿಮಗೆ ನೋಟ್ಸ್ ಕೊಟ್ಟು ತಾನು ಎರಡು ಅಂಕ ಕಡಿಮೆ ತೆಗೆದ ಗೆಳತಿ, ಸೈಕಲ್ಲಿನಲ್ಲಿ ಟ್ಯೂಷನ್ನಿಗೆ ಬಿಟ್ಟು ಗೇಟಿನ ಹೊರಗೆ ಕಾಯುತ್ತಿದ್ದ ಅಣ್ಣ, ಇವರೆಲ್ಲ ಸ್ಕ್ರೀನ್ ಹಾಕಿದವರು.

ಇನ್ನೊಂದು ಮಾತು, ಇದು ಪೋಷಕರಿಗೂ. "ಹತ್ತನೇ ಕ್ಲಾಸಾಯ್ತು, ಇನ್ನು ಆಟ ಸಾಕು" ಎಂಬ ಮಾತು ಈ ವಾರ ಬಹಳ ಮನೆಗಳಲ್ಲಿ ಕೇಳುತ್ತದೆ. ಹುಡುಗಿಯರ ಮನೆಗಳಲ್ಲಿ ಇನ್ನೂ ಜೋರಾಗಿ. ನಮ್ಮ 9ನೇ ನಂಬರಿನ ಮನೆಯಲ್ಲೂ ಹೇಳಿದರು. ಅವಳು ಜೆರ್ಸಿ ಮಡಿಸಿ ವಾಪಸು ಕೊಟ್ಟವಳು ಮತ್ತೆ ಅಂಗಳಕ್ಕೆ ಬರಲಿಲ್ಲ. ಅವಳು ಭಾರತಕ್ಕೆ ಆಡುತ್ತಿದ್ದಳು ಅಂತ ನಾನು ಸುಳ್ಳು ಹೇಳುವುದಿಲ್ಲ. ಸಂಜೆ ಅರ್ಧ ಗಂಟೆ ಆಡುತ್ತಿದ್ದಳು, ಅಷ್ಟೇ. ಆ ಅರ್ಧ ಗಂಟೆಯನ್ನು ಮಾತ್ರ ನಿಮ್ಮ ಮಕ್ಕಳಿಂದ ಕಿತ್ತುಕೊಳ್ಳಬೇಡಿ.

ಮಕ್ಕಳೇ, ಅಂಕಪಟ್ಟಿ ಕೈಗೆ ಬಂದ ದಿನ ಅದರದೊಂದು ಜೆರಾಕ್ಸ್ ಮಾಡಿಸಿ. ಅಸಲಿನ ಮೇಲೆ ಬರೆದೀರಿ, ನನ್ನನ್ನು ಬೈಸುತ್ತೀರಿ! ಜೆರಾಕ್ಸಿನ ಹಿಂಬದಿಯಲ್ಲಿ ನಮ್ಮ ಮೇಷ್ಟ್ರ ಹಾಗೆ ಹೆಸರು, ನಂಬರು ಬರೆಯಿರಿ. ಬರೆದದ್ದನ್ನು ಅವರಿಗೆ ತೋರಿಸಿ.

ಸದ್ಯಕ್ಕೆ ಗೌನು ಬಿಚ್ಚಿ, ಊಟ ಮುಗಿಸಿ. ಬಿಸಿಲು ಇಳಿದ ಮೇಲೆ ಹಿಂದಿನ ಅಂಗಳಕ್ಕೆ ಬನ್ನಿ. ಕಾರಿನಲ್ಲಿ ಚೆಂಡಿದೆ, ಗಾಳಿ ಹೊಡೆಸಿಕೊಂಡೇ ಬಂದಿದ್ದೇನೆ. ಸ್ಕೋರು ಬೇರೆ ಯಾರಾದರೂ ಬರೆಯಲಿ. ಇವತ್ತು ನಾನೂ ಆಡುತ್ತೇನೆ.